ಪರದೆಯಲ್ಲಿ ಕಾಣದ ಕಲಂ

ನೈರೋಬಿಯಲ್ಲಿ ಬಾಡಿಗೆ ಮನೆ ಹುಡುಕಿ ಹುಡುಕಿ ಅಕೆಯೊ ಎಂಬ ಹುಡುಗಿಯ ಚಪ್ಪಲಿ ಸವೆದಿತ್ತು. ಫೋನಿನಲ್ಲಿ ಖಾಲಿ ಇದ್ದ ಮನೆ, ಇವಳು ಒಕುಂಬೆ ಎಂದು ಮನೆತನದ ಹೆಸರು ಹೇಳಿದ ಕೂಡಲೇ ಭರ್ತಿಯಾಗಿಬಿಡುತ್ತಿತ್ತು. ಹೆಸರು ಕೇಳಿ ಯಾವ ಕಡೆಯವರೆಂದು ಅಳೆಯುವ ಈ ಹೊಲಸು ಚಾಳಿಗೆ ಹೇಸಿಯೇ ಅವಳು ಆಫೀಸಿನಲ್ಲಿ ಹಟ ಹಿಡಿದು ಒಂದು ಆ್ಯಪ್ ಬರೆದಿದ್ದಳು. ಅದರಲ್ಲಿ ಮನೆ ಮಾಲೀಕರಿಗೆ ಅರ್ಜಿದಾರರ ಹೆಸರೇ ಕಾಣದು. ಮೊದಲ ಅರ್ಜಿ ತನ್ನದೇ ಹಾಕಿಕೊಂಡಳು. ಮೂರು ತಿಂಗಳಾದರೂ ಒಬ್ಬನೂ ಕರೆಯಲಿಲ್ಲ.

ಆ್ಯಪ್ ಬಳಸುವ ಮನೆ ಮಾಲೀಕರನ್ನು ಆಫೀಸು ಸಭೆಗೆ ಕರೆದಿದ್ದ ದಿನ ಬೆಳಿಗ್ಗೆ, ಎಲ್ಲೋ ಎಡವಟ್ಟಾಗಿದೆ ಎಂದು, ತನ್ನ ಅರ್ಜಿಯನ್ನು ಆ್ಯಪ್ ಬರೆದ ಕಂಪ್ಯೂಟರ್ ಭಾಷೆ ಪೈಥಾನಿನ ‘ವಾರ್ಸ್’ ಫಂಕ್ಷನ್ನಿಗೆ ಕೊಟ್ಟಳು. ಇಂಥ ದಾಖಲೆ ಕೊಟ್ಟರೆ ಅದರೊಳಗೆ ತುಂಬಿಟ್ಟ ಗುಣಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಕಕ್ಕಿಸುವ ಫಂಕ್ಷನ್ ಅದು. ಸಂಬಳ ಬಂತು, ನಡತೆ ಬಂತು. ಕೊನೆಯಲ್ಲಿ ಅವಳು ಬರೆಯದೇ ಇದ್ದದ್ದೊಂದು ಬಂತು: ‘ಊರ ಕಡೆ: ಸಿಯಾಯ. ಸ್ಥಾನ: ಕೆಳಗೆ.’ ಆ್ಯಪ್ ಅವಳ ಮನೆತನದ ಜಿಲ್ಲೆಯನ್ನು ಊಹಿಸಿ, ಅರ್ಜಿಯನ್ನು ಮಾಲೀಕರ ಪಟ್ಟಿಯ ತಳಕ್ಕೆ ತಳ್ಳಿತ್ತು. ಥೂ, ಇವರ ಬುದ್ಧಿಗಿಷ್ಟು!

ಹೆಸರಿನಿಂದ ಊರನ್ನು ಊಹಿಸುತ್ತಿದ್ದ ಪಟ್ಟಿಯನ್ನು ತೆರೆದರೆ ಅದು ಅವಳದೇ. ಡಿಸೆಂಬರಿನಲ್ಲಿ ಎಲ್ಲರೂ ಹಳ್ಳಿಗೆ ಹೊರಡುತ್ತಾರಲ್ಲ, ಮನೆತನದ ಹೆಸರು ನೋಡಿ ಕಂಪ್ಯೂಟರೇ ಅವರವರ ಊರಿನ ಬಸ್ಸು ಸೂಚಿಸಲಿ ಎಂದು ಊಟದ ಹೊತ್ತಿನಲ್ಲಿ ನಗುನಗುತ್ತ ತುಂಬಿಸಿದ್ದ ಪಟ್ಟಿ. ತನ್ನ ಕೈಯನ್ನೇ ತೊಳೆದುಕೊಳ್ಳಬೇಕು ಅನ್ನಿಸಿತು.

ಅದನ್ನು ಅರ್ಜಿಗಳಿಗೆ ಜೋಡಿಸಿಸಿದ್ದು ತಾನೇ ಎಂದು ಮೇಲಧಿಕಾರಿ ಕ್ಯಾಲೊ, ಎಣ್ಣೆಯಲ್ಲಿ ಕರಿದ ಮಂದಾಜಿ ಬನ್ನು ಅಗಿಯುತ್ತಲೇ ಒಪ್ಪಿಕೊಂಡ. “ಪರದೆ ಮೇಲೆ ಎಲ್ಲಿ ಕಾಣುತ್ತೆ ತಾಯಿ? ಅವರಿಗೂ ಮುಜುಗರ ಇಲ್ಲ, ನಮಗೂ ಇಲ್ಲ.”

ಅವನ ತುಟಿಯ ಎಣ್ಣೆಯಿಂದ ಅವಳು ಮುಖ ತಿರುಗಿಸಿದಳು. ನಾಲ್ಕು ಜನರೆದುರು ಮಾನ ಹೋದರೆ ಇವರು ಆ ಕಲಂ ಅನ್ನು ತಾವಾಗಿಯೇ ತೆಗೆಯುತ್ತಾರೆ ಎಂದುಕೊಂಡಳು. ಸಭೆಯಲ್ಲಿ ಎಲ್ಲರಿಗೂ ಕಾಣುವಂತೆ ಗೋಡೆಯ ದೊಡ್ಡ ಪರದೆಯ ಮೇಲೆಯೇ ಆ ಫಂಕ್ಷನ್ ಓಡಿಸಿದಳು.

“ಇದು ನನ್ನ ಅರ್ಜಿ. ನನಗ್ಯಾಕೆ ನಿಮ್ಮ ಮನೆ ಸಿಗಲಿಲ್ಲ ಅಂತ ನೀವೇ ಓದಿ ನೋಡಿ.”

ಕ್ಯಾಲೊ ಕುರ್ಚಿಯಿಂದ ಅರ್ಧ ಎದ್ದ. ಮಾಲೀಕರಲ್ಲಿ ಒಬ್ಬರಾದರೂ ತಲೆ ತಗ್ಗಿಸುತ್ತಾರೆಂದು ಅಕೆಯೊ ಕಾದಳು. ಮುಂದಿನ ಸಾಲಿನ ಹಿರಿಯ ಹೆಂಗಸೊಬ್ಬಳು ಕನ್ನಡಕ ಏರಿಸಿ, ನಿಧಾನವಾಗಿ ಓದಿ, ಚಹಾದ ಲೋಟ ಕೆಳಗಿಟ್ಟಳು.

“ಇದನ್ನ ಯಾಕಮ್ಮ ಒಳಗೆ ಬಚ್ಚಿಟ್ಟಿದೀರಿ? ಮೊದಲನೇ ಪುಟದಲ್ಲೇ ಹಾಕಿಬಿಡಿ.”

ಸುತ್ತಲಿದ್ದವರು ಹೌದು ಹೌದೆಂದರು. ಅಕ್ಷರ ಸ್ವಲ್ಪ ದೊಡ್ಡದಿರಲಿ ಎಂದ ಇನ್ನೊಬ್ಬ. ಕ್ಯಾಲೊ ಪೆನ್ನು ತೆಗೆದು ಬರೆದುಕೊಳ್ಳತೊಡಗಿದ.