ಚೆಂಡಿಲ್ಲದ ಏಟು

ಎದುರು ತಂಡಕ್ಕೆ ಯಾವುದೂ ಖಾತ್ರಿಯಾಗದ ಹಾಗೆ ನೋಡಿಕೊಳ್ಳುವುದು ನನ್ನ ಕಸುಬು. ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಇರುವುದು ಎರಡೇ ದಾರಿ. ಚೆಂಡನ್ನು ಅಪ್ಪಿಕೊಂಡು ಓಡಬೇಕು, ಇಲ್ಲವೇ ಎಸೆಯಬೇಕು. ಬರೀ ಓಡಿದರೆ ಅವರೆಲ್ಲ ಮುಂದೆ ಬಂದು ಗೋಡೆ ಕಟ್ಟುತ್ತಾರೆ. ಬರೀ ಎಸೆದರೆ ಅರ್ಧ ಜನ ಹಿಂದೆ ಸರಿದು ಚೆಂಡಿಗೆ ಕಾಯುತ್ತಾರೆ, ಉಳಿದರ್ಧ ಎಸೆಯುವವನ ಕುತ್ತಿಗೆಗೇ ಬರುತ್ತಾರೆ. ಎರಡನ್ನೂ ತೂಗಿಸಿಕೊಂಡು ಹೋಗುವವನಿಗೆ ಸಂಬಳ. ಟೊಲೆಡೊ ಊರಿನ ತಂಡದ ಕೋಚಾಗಿ ಹನ್ನೊಂದು ವರ್ಷ ಆ ಸಂಬಳ ತಿಂದವನು ನಾನು, ಸ್ಟ್ಯಾನ್ ವಿಲ್ಚೆಕ್.

ಈ ಊರಿಗೆ ಓಟವೇ ಬೇಕು. ಗಾಜಿನ ಕಾರ್ಖಾನೆಯಲ್ಲಿ ಎಂಟು ಗಂಟೆ ಕುಲುಮೆಯ ಮುಂದೆ ನಿಂತು ಬಂದವನಿಗೆ, ಇನ್ನೊಬ್ಬ ಮೈ ಹಣ್ಣು ಮಾಡಿಕೊಂಡು ಮೂರು ಗಜ ಗಿಟ್ಟಿಸುವುದನ್ನು ನೋಡಿದರೇ ತೃಪ್ತಿ. ಕ್ಷೌರದಂಗಡಿಯ ಲೀಯೊ ನನ್ನ ಕುತ್ತಿಗೆಯ ಮೇಲೆ ಕತ್ತಿ ಇಟ್ಟುಕೊಂಡೇ ಕೇಳುತ್ತಿದ್ದ: "ಏನಯ್ಯಾ ಸ್ಟ್ಯಾನ್, ನಿನ್ನ ಹುಡುಗ್ರಿಗೆ ಕಾಲಿದ್ಯೋ ಬಿದ್ದೋಗಿದ್ಯೋ? ಬರೀ ಎಸೀತಾರಲ್ಲ." ತಂಡದ ಮಾಲೀಕನಿಗೆ ಎಸೆತ ಬೇಕು, ಟೀವಿಯಲ್ಲಿ ಚೆಂದ ಕಾಣುತ್ತದಂತೆ. ಇಬ್ಬರ ನಡುವೆ ನಾನು, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ. ಅದರಲ್ಲಿ ಎಡಗಡೆ ಓಟಗಳು, ಬಲಗಡೆ ಎಸೆತಗಳು.

ಇವೆರಡರ ನಡುವೆ ಇನ್ನೊಂದಿದೆ, ಹುಸಿ ಓಟ. ಆಟಗಾರರು ಫೇಕ್ ಅನ್ನುತ್ತಾರೆ. ಎಸೆಯುವವನು ಓಟಗಾರನ ಹೊಟ್ಟೆಗೆ ಚೆಂಡು ಕೊಟ್ಟಂತೆ ಮಾಡಿ, ಕೊಡದೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಓಟಗಾರ ಬರಿಗೈ ಮಡಚಿಕೊಂಡು ಜನರ ನಡುವೆ ನುಗ್ಗುತ್ತಾನೆ. ಚೆಂಡು ಅವನ ಹತ್ತಿರವೇ ಇದೆಯೆಂದು ಎದುರಿನವರು ನಂಬಿ ಮುಂದೆ ಓಡಿ ಬಂದರೆ ಅವರ ಬೆನ್ನ ಹಿಂದೆ ಬಯಲು. ಅಲ್ಲಿಗೆ ಎಸೆತ.

ಹುಸಿ ಓಟದಲ್ಲಿ ಏಮೋಸ್ ಟಿಬ್ಸ್‌ನಂಥವನನ್ನು ನಾನು ಕಂಡಿಲ್ಲ. ಮೂವತ್ಮೂರನೇ ನಂಬರಿನವನು, ಅಲಬಾಮಾದವನು. ಒಂಬತ್ತು ವರ್ಷ ನಮ್ಮಲ್ಲೇ ಓಡಿದ. ಪ್ರತಿ ಗುರುವಾರ ತನಗೆ ದಾರಿ ಬಿಡಿಸುವ ಐದು ಜನ ದಾಂಡಿಗರನ್ನು ಕರೆದುಕೊಂಡು ಹೋಗಿ ಹೊಟ್ಟೆ ಬಿರಿಯುವಷ್ಟು ಹಂದಿ ಪಕ್ಕೆಲುಬು ತಿನ್ನಿಸುತ್ತಿದ್ದ. ಹುಸಿ ಓಟ ಕಲಿಸಿದವನು ನಾನೇ. ಅವನು ಬಂದ ಮೊದಲ ಬೇಸಿಗೆಯಲ್ಲಿ, ಆಗಸ್ಟಿನ ಉರಿಬಿಸಿಲಲ್ಲಿ, ಹೊಟ್ಟೆಗೆ ಒಂದು ಟವೆಲ್ ಕೊಟ್ಟು ಓಡಿಸುತ್ತಿದ್ದೆ. ಆಮೇಲೆ ಟವೆಲ್ ಕೊಡದೆ ಓಡಿಸಿದೆ.

"ಎಸೆಯೋನ ಕಡೆ ನೋಡ್ಬೇಡ. ಕಣ್ಣು ನೀನು ಓಡೋ ಜಾಗದ ಮೇಲಿರ್ಲಿ. ತಲೆ ಬಗ್ಗಿಸು, ಬರಿಗೈ ಯಾರಿಗೂ ಕಾಣ್ಬಾರ್ದು. ಏಟು ಬಿದ್ರೆ ಬೀಳ್ಲಿ, ನಿಲ್ಬೇಡ," ಅಂದಿದ್ದೆ.

"ಕೋಚ್, ಸುಳ್ಳು ಹೇಳೋದನ್ನೂ ಹೇಳ್ಕೊಡ್ತೀರಲ್ಲ. ನಮ್ಮಮ್ಮಂಗೆ ಗೊತ್ತಾದ್ರೆ ನಿಮ್ಮನ್ನ ಚರ್ಚಿಗೆ ಎಳ್ಕೊಂಡ್ಹೋಗ್ತಾಳೆ," ಅಂದು ನಕ್ಕಿದ್ದ.

ಆ ವರ್ಷ ಅವನಿಗೆ ಮೂವತ್ತೊಂದು. ಓಟಗಾರರ ಲೆಕ್ಕದಲ್ಲಿ ಮುದುಕ. ನವೆಂಬರಿನ ಒಂದು ಮಂಗಳವಾರ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದ. ಏಮೋಸ್ ಯಾವತ್ತೂ ಬಾಗಿಲು ಮುಚ್ಚುವವನಲ್ಲ.

"ಎಡಗೈ ಮರಗಟ್ಟತ್ತೆ ಕೋಚ್. ಜೋರಾಗಿ ಏಟು ಬಿದ್ದಾಗ ಕುತ್ತಿಗೆಯಿಂದ ಬೆರಳವರೆಗೂ ಬೆಂಕಿ ಹರಿದಂಗಾಗತ್ತೆ. ಆಮೇಲೆ ಐದು ನಿಮಿಷ ಕೈ ಇದ್ಯೋ ಇಲ್ವೋ ಗೊತ್ತಾಗಲ್ಲ."

"ಡಾಕ್ಟ್ರಿಗೆ ಹೇಳಿದ್ಯಾ?"

"ಹೇಳಿದ್ರೆ ಅವತ್ತೇ ನನ್ ಕಥೆ ಮುಗೀತು. ಒಂಬತ್ತು ವರ್ಷದಲ್ಲಿ ಒಂದ್ಸಲನೂ ಫೈನಲ್ ನೋಡಿಲ್ಲ. ಈ ಸಲ ನಮ್ಮ ಕೈಲಾಗತ್ತೆ, ನಿಮಗೂ ಗೊತ್ತು. ಒಂದೇ ಒಂದ್ಸಲ ಆ ಮೈದಾನದಲ್ಲಿ ನಿಲ್ಬೇಕು ಕೋಚ್. ಆಮೇಲೆ ಮನೇಲಿ ಕೂತ್ಕೋತೀನಿ."

ಅವನ ಕಿವಿ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಬೇಕಿತ್ತು. ಇದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಆದರೆ ನನಗೂ ಫೈನಲ್ ಬೇಕಿತ್ತು. ಅದನ್ನು ಅವನ ಮುಂದೆ ಹೇಳಲಿಲ್ಲ, ನನಗೆ ನಾನೂ ಹೇಳಿಕೊಳ್ಳಲಿಲ್ಲ. ಹಾಳೆ ತೆಗೆದೆ. ಎಡಗಡೆಯ ಓಟಗಳಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿ, ಅಷ್ಟನ್ನೂ ಹುಸಿ ಓಟ ಮಾಡಿ ಬಲಗಡೆಗೆ ಸೇರಿಸಿದೆ.

"ನೋಡು, ಆಟಕ್ಕೆ ಇಪ್ಪತ್ತೆರಡು ಸಲ ಓಡ್ತಿದ್ದೆ. ಇನ್ಮೇಲೆ ಎಂಟೋ ಒಂಬತ್ತೋ. ಉಳಿದಿದ್ದೆಲ್ಲ ಫೇಕ್. ಅದು ನಿನಗೆ ವಿಶ್ರಾಂತಿ ಇದ್ದಂಗೆ."

"ವಿಶ್ರಾಂತಿ," ಅಂದ ಏಮೋಸ್, ಹಾಳೆ ನೋಡುತ್ತ.

ಒಂದು ಸನ್ನೆಯನ್ನೂ ಮಾತಾಡಿಕೊಂಡೆವು. ಕೈ ಮರಗಟ್ಟಿದರೆ ಬಲಗೈಯಲ್ಲಿ ಹೆಲ್ಮೆಟ್ಟನ್ನು ಎರಡು ಸಲ ತಟ್ಟಬೇಕು. ನಾನು ಏನೂ ಕೇಳದೆ ಅವನನ್ನು ಹೊರಗೆ ಕರೆದು ಬೇರೆಯವನನ್ನು ಕಳಿಸುತ್ತೇನೆ. ಕೈ ಕುಲುಕಿ ಹೋದ. ನಾನು ಜಾಣತನ ಮಾಡಿದೆನೆಂದು ಬೀಗುತ್ತ ತಣ್ಣಗಾಗಿದ್ದ ಕಾಫಿ ಕುಡಿದೆ.

ಅದು ಕೆಲಸವನ್ನೂ ಮಾಡಿತು. ಎದುರಿನವರಿಗೆ ಏಮೋಸನ ಹೆದರಿಕೆ ಎಷ್ಟೆಂದರೆ ಅವನು ಬರಿಗೈಲಿ ನುಗ್ಗಿದರೂ ಮೂರು ಜನ ಅವನ ಮೇಲೆ ಬೀಳುತ್ತಿದ್ದರು. ಚೆಂಡು ಎಸೆಯುವ ನಮ್ಮ ಹುಡುಗ ಗ್ರೇಡಿ ಅವರ ತಲೆಯ ಮೇಲಿಂದ ಎಸೆಯುತ್ತಿದ್ದ. ಆರಕ್ಕೆ ಆರು ಆಟ ಗೆದ್ದೆವು. ಟೊಲೆಡೊ ಕೊನೆಗೂ ಓಟ, ಎಸೆತ ಎರಡನ್ನೂ ತೂಗಿಸುವುದನ್ನು ಕಲಿತಿದೆ ಎಂದು ಪತ್ರಿಕೆಯವರು ಬರೆದರು. ಲೀಯೊ ಕೂಡ ಕ್ಷೌರಕ್ಕೆ ಕಾಸು ಬೇಡ ಅಂದ.

ಒಪ್ಪದವಳು ಒಬ್ಬಳೇ, ಏಮೋಸನ ಹೆಂಡತಿ ವರ್ನೆಲ್. ಆಟ ಮುಗಿದ ಮೇಲೆ ಹೆಂಡತಿಯರೆಲ್ಲ ಕಾಯುವ ಓಣಿಯಲ್ಲಿ ಡಿಸೆಂಬರಿನ ಒಂದು ಭಾನುವಾರ ನನ್ನನ್ನು ತಡೆದಳು. ಅವಳ ಕೈಯಲ್ಲಿ ಗೇಟಿನವರು ಜನ ಎಣಿಸಲು ಒತ್ತುವಂಥ ಸಣ್ಣ ಯಂತ್ರವಿತ್ತು.

"ಕೋಚ್, ಇವತ್ತು ಅವನು ಎಷ್ಟು ಸಲ ಓಡ್ದ ಅಂತ ಬರ್ಕೊಂಡಿದೀರ?"

"ಒಂಬತ್ತು ಕಣಮ್ಮ. ನಿನ್ನ ಗಂಡನ್ನ ಈಗ ಹತ್ತಿಯಲ್ಲಿಟ್ಟು ನೋಡ್ಕೋತಿದೀನಿ."

ಅವಳು ಯಂತ್ರ ತೋರಿಸಿದಳು. ಇಪ್ಪತ್ತೆಂಟು ಅಂತಿತ್ತು. "ಇದು ಅವನಿಗೆ ಬಿದ್ದ ಏಟು. ನೀವೆಲ್ಲ ಚೆಂಡು ನೋಡ್ತೀರ. ನಾನು ಚೆಂಡು ನೋಡಿ ಒಂಬತ್ತು ವರ್ಷ ಆಯ್ತು."

"ಅದ್ರಲ್ಲಿ ಹತ್ತೊಂಬತ್ತು ಫೇಕ್, ವರ್ನೆಲ್. ಅವು ಲೆಕ್ಕಕ್ಕೆ ಬರಲ್ಲ."

"ಚೆಂಡಿಲ್ದೆ ಬಿದ್ದ ಏಟು ಏಟಲ್ವಾ? ಚೆಂಡಿದ್ರೆ ಅವರು ಚೆಂಡಿಗೆ ಕೈ ಹಾಕ್ತಾರೆ. ಇವನೂ ನೋಡ್ಕೊಂಡು ಮೈ ಗಟ್ಟಿ ಮಾಡ್ಕೋತಾನೆ. ಫೇಕಲ್ಲಿ ತಲೆ ಬಗ್ಗಿಸ್ಕೊಂಡು ಹೋಗ್ತಾನೆ, ಯಾವ ಕಡೆಯಿಂದ ಬರತ್ತೆ ಅನ್ನೋದೇ ಕಾಣಲ್ಲ." ದನಿ ತಗ್ಗಿಸಿದಳು. "ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕೊಳಕ್ಕೆ ಆಗ್ತಿಲ್ಲ ಕೋಚ್ ಅವನ್ಗೆ. ನಾನು ಹಾಕ್ತೀನಿ."

ನನಗೆ ಸಿಟ್ಟು ಬಂತು. ನಲವತ್ತು ವರ್ಷ ಈ ಆಟ ಆಡಿ, ಆಡಿಸಿದವನಿಗೆ ಇವಳು ಪಾಠ ಹೇಳುತ್ತಾಳಲ್ಲ ಅನ್ನಿಸಿತು. "ಇನ್ನು ಎರಡೇ ಆಟ ಕಣಮ್ಮ," ಅಂದು ಅವಳ ಭುಜ ತಟ್ಟಿ ಮುಂದೆ ನಡೆದೆ.

ಜನವರಿಯಲ್ಲಿ ಸೆಮಿಫೈನಲ್, ನಮ್ಮದೇ ಮೈದಾನದಲ್ಲಿ. ಬೆಳಗಿನಿಂದ ಹಿಮ. ಆಟ ಮುಗಿಯಲು ಒಂದು ನಿಮಿಷ ನಲವತ್ತು ಸೆಕೆಂಡು ಇರುವಾಗ ನಾವು ನಾಲ್ಕು ಅಂಕ ಹಿಂದೆ. ಚೆಂಡು ಹಿಡಿದು ದಾಟಿದರೆ ಆರು ಅಂಕ ಕೊಡುವ ಗೆರೆಗೆ ಮೂವತ್ತೆಂಟು ಗಜ ಬಾಕಿ. ಎದುರು ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಕೊನೆಯ ಕಾವಲಿನವನು ಮಧ್ಯಾಹ್ನವೆಲ್ಲ ಮೋಸಹೋಗಿರಲಿಲ್ಲ. ಈಗ ಮಾತ್ರ ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದ. ನನ್ನ ಕಣ್ಣು ಅವನ ಕಾಲಿಗೇ ಅಂಟಿಕೊಂಡಿತ್ತು. ತುಟಿ ಓದುವವರಿರುತ್ತಾರೆಂದು ನಾವು ಮಾತಾಡುವಾಗ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತೇವೆ. ಹಾಗೇ ಹಿಡಿದು, ಅಂಚಿನಿಂದ ಅವನೊಬ್ಬನನ್ನೇ ನೋಡುತ್ತ, ಹೆಲ್ಮೆಟ್ಟಿನ ರೇಡಿಯೊದಲ್ಲಿ ಗ್ರೇಡಿಯ ಕಿವಿಗೆ ಹುಸಿ ಓಟ ಹೇಳಿದೆ.

ಏಮೋಸ್ ಬರಿಗೈ ಮಡಚಿಕೊಂಡು ನುಗ್ಗಿದ. ಕಾವಲಿನವನು ನಂಬಿ ಓಡಿ ಬಂದ. ಗ್ರೇಡಿ ಎಸೆದ. ಚೆಂಡು ಹಿಮದಲ್ಲಿ ಬಹಳ ಹೊತ್ತು ತೇಲಿದ ಹಾಗೆ ಕಂಡಿತು. ಅದು ನಮ್ಮ ಹುಡುಗನ ಕೈಗೆ ಬಿತ್ತು, ಅವನು ಗೆರೆ ದಾಟಿದ. ಅರವತ್ತು ಸಾವಿರ ಜನ ಎದ್ದು ನಿಂತು ಕೂಗಿದರು. ಯಾರೋ ನನ್ನನ್ನು ಅಪ್ಪಿಕೊಂಡರು, ಇನ್ಯಾರೋ ಟೋಪಿ ಕಿತ್ತುಕೊಂಡರು. ನಾನೂ ಹಾರಾಡಿದೆ. ಅರವತ್ತರ ಮುದುಕ ಮಗುವಿನ ಹಾಗೆ ಹಾರಾಡಿದೆ.

ಎಷ್ಟೋ ಹೊತ್ತಾದ ಮೇಲೆ ಹೆಂಡತಿಯರು ಕೂರುವ ಸಾಲಿನ ಕಡೆ ನೋಡಿದೆ. ಎಲ್ಲರೂ ಗೆರೆಯ ಕಡೆ ಮುಖ ಮಾಡಿ ಕುಣಿಯುತ್ತಿದ್ದರು. ವರ್ನೆಲ್ ಒಬ್ಬಳು ಮೈದಾನದ ನಡುವೆ ನೋಡುತ್ತ ನಿಂತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು.

ಏಮೋಸ್ ಹಿಮದಲ್ಲಿ ಮಗ್ಗುಲಾಗಿ ಬಿದ್ದಿದ್ದ. ನಾನು ಓಡಿದೆ. ಅವನ ಬಲಗೈ ಇನ್ನೂ ಹೊಟ್ಟೆಯ ಮೇಲೆ ಮಡಚಿಯೇ ಇತ್ತು. ಎಡಗೈ ಅವನದಲ್ಲವೆಂಬಂತೆ ಪಕ್ಕದಲ್ಲಿ ಬಿದ್ದಿತ್ತು.

ಕಣ್ಣು ತೆರೆದ. "ಕಾವಲಿನವ್ನು ನಂಬಿದ್ನಾ, ಕೋಚ್?"

"ನಂಬ್ದ ಕಣೋ. ಪೂರ್ತಿ ನಂಬ್ದ. ನಾವು ಗೆದ್ವಿ."

"ಹಂಗಾದ್ರೆ ಸರಿ," ಅಂದ.

ಕುತ್ತಿಗೆಯಲ್ಲಿ ಕೈಗೆ ಹೋಗುವ ನರಗಳು ಬೇರು ಸಮೇತ ಕಿತ್ತುಹೋಗಿವೆ ಎಂದು ಆಸ್ಪತ್ರೆಯವರು ಹೇಳಿದರು. ಕಾಲು ಉಳಿದದ್ದೇ ಪುಣ್ಯವಂತೆ. ಎಡಗೈ ಇನ್ನು ಏಳುವುದಿಲ್ಲ. ಎರಡು ವಾರದ ನಂತರ ಅವನಿಲ್ಲದೆ ನಾವು ಫೈನಲ್ಲಿಗೆ ಹೋದೆವು. ಚೆಂಡಿಲ್ಲದೆ ನುಗ್ಗಿದ ಹೊಸ ಓಟಗಾರನನ್ನು ಅವತ್ತು ಒಬ್ಬನೂ ನಂಬಲಿಲ್ಲ. ಹೀನಾಯವಾಗಿ ಸೋತೆವು. ಸೋತದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಾಗಲಿಲ್ಲ.

ಫೆಬ್ರವರಿಯಲ್ಲಿ, ಕಚೇರಿ ಖಾಲಿ ಮಾಡುವ ಮೊದಲು, ಸೆಮಿಫೈನಲ್ಲಿನ ಚಿತ್ರ ಹಾಕಿಕೊಂಡು ಕೂತೆ. ಟೀವಿಯ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ನಮ್ಮ ಕೋಚುಗಳ ಕ್ಯಾಮೆರಾ ಎತ್ತರದಲ್ಲಿ ನಿಂತು ಎರಡೂ ಕಡೆಯ ಇಪ್ಪತ್ತೆರಡು ಜನರನ್ನೂ ಹಿಡಿಯುತ್ತದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಚೆಂಡು ಬಿಟ್ಟು ಮೂವತ್ಮೂರನ್ನೇ ನೋಡಿದೆ. ಓಟ ಎಂಟು, ನನ್ನ ಹಾಳೆಯಲ್ಲೂ ಎಂಟೇ ಇತ್ತು. ಏಟು ಮೂವತ್ತೊಂದು. ಬಗ್ಗಿದ ತಲೆಗೆ ಎಡದಿಂದ, ಬಲದಿಂದ, ಒಮ್ಮೊಮ್ಮೆ ಇಬ್ಬರು ಒಟ್ಟಿಗೆ. ನಾನು ವಿಶ್ರಾಂತಿ ಅಂದದ್ದು ಇದಕ್ಕೆ.

ಕೊನೆಯದು ಬಂತು. ಆಟಗಾರರು ಸಾಲಾಗಿ ನಿಲ್ಲುವ ಮೊದಲು ಮೂವತ್ಮೂರು ನಮ್ಮ ಕಡೆಗೆ ತಿರುಗಿದ. ಬಲಗೈ ಎತ್ತಿ ಹೆಲ್ಮೆಟ್ಟನ್ನು ತಟ್ಟಿದ, ಎರಡು ಸಲ. ತಡೆದು ಮತ್ತೆ ಎರಡು ಸಲ ತಟ್ಟಿದ. ಚಿತ್ರದ ಅಂಚಿನಲ್ಲಿ ನಾನೂ ಇದ್ದೆ. ಹಾಳೆ ನನ್ನ ಮುಖಕ್ಕೂ ಅವನಿಗೂ ಅಡ್ಡವಾಗಿತ್ತು. ಅವನು ನಾಲ್ಕು ಸೆಕೆಂಡು ನನ್ನನ್ನೇ ನೋಡಿದ. ಆಮೇಲೆ ತಿರುಗಿ ತನ್ನ ಜಾಗಕ್ಕೆ ಹೋಗಿ ನಿಂತ. ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಏಪ್ರಿಲಿನಲ್ಲಿ ಅವನ ಮನೆಗೆ ಹೋದೆ. ಅಷ್ಟು ದಿನ ಹೋಗದೆ ಇದ್ದದ್ದಕ್ಕೆ ನೂರು ನೆಪ ಇಟ್ಟುಕೊಂಡಿದ್ದೆ, ಒಂದೂ ನೆಟ್ಟಗಿರಲಿಲ್ಲ. ವರ್ನೆಲ್ ಬಾಗಿಲು ತೆರೆದು, "ಹಿಂದುಗಡೆ ಕೂತಿದಾನೆ, ಹೋಗಿ," ಅಂದಳು. ಬಯ್ಯುತ್ತಾಳೆಂದು ಸಿದ್ಧವಾಗಿ ಬಂದಿದ್ದೆ. ಅವಳು ಬಯ್ಯಲಿಲ್ಲ.

ಏಮೋಸ್ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದ. ಅಂಗಿಯ ಗುಂಡಿಗಳೆಲ್ಲ ನೀಟಾಗಿ ಹಾಕಿದ್ದವು. ಎಡಗೈ ತೊಡೆಯ ಮೇಲಿತ್ತು, ಯಾರೋ ತಂದು ಇಟ್ಟ ಹಾಗೆ.

"ಏನ್ ಕೋಚ್, ಕೆಲ್ಸ ಬಿಟ್ರಂತೆ? ಲೀಯೊ ಈಗ ಯಾರ ಕುತ್ತಿಗೆಗೆ ಕತ್ತಿ ಇಡ್ತಾನೆ?"

ನಗಲು ನೋಡಿದೆ, ಆಗಲಿಲ್ಲ. "ಚಿತ್ರ ನೋಡ್ದೆ ಏಮೋಸ್. ಕೊನೇ ಫೇಕ್‌ಗೆ ಮುಂಚೆ ನೀನು ಹೆಲ್ಮೆಟ್ ತಟ್ಟಿದೆ. ನಂಗೆ ಸನ್ನೆ ಮಾಡ್ದೆ. ನಾನು ನೋಡ್ಲಿಲ್ಲ."

ಅವನು ನನ್ನ ಕಡೆ ತಿರುಗಲಿಲ್ಲ. ಹಿತ್ತಿಲ ಬೇಲಿಯ ಮೇಲೆ, ಓಡಬೇಕಾದ ಜಾಗವೊಂದು ಅಲ್ಲಿದೆಯೆಂಬಂತೆ, ಕಣ್ಣು ನೆಟ್ಟಿದ್ದ.

"ಅದಾ? ಅದು ಸನ್ನೆ ಅಲ್ಲ ಕೋಚ್. ಹೆಲ್ಮೆಟ್ ಮೇಲೆ ಹಿಮ ಕೂತಿತ್ತು. ಕೊಡವಿದೆ, ಅಷ್ಟೇ."

"ನಾಕು ಸಲ?"

"ತುಂಬಾ ಹಿಮ ಇತ್ತು ಕೋಚ್ ಅವತ್ತು."

ಜಾಲರಿ ಬಾಗಿಲ ಹಿಂದೆ ವರ್ನೆಲ್ ನಿಂತಿದ್ದಳು. ಅವಳಿಗೂ ಎಲ್ಲ ಗೊತ್ತಿತ್ತು. ಒಂದು ಮಾತು ಆಡಿದರೆ ಸಾಕಿತ್ತು, ಆಡದೆ ಒಳಗೆ ಹೋದಳು.

ಆಗಸ್ಟಿನ ಬಿಸಿಲಲ್ಲಿ ನಾನು ಹೇಳಿಕೊಟ್ಟದ್ದರಲ್ಲಿ ಅವನು ಒಂದನ್ನೂ ಮರೆತಿರಲಿಲ್ಲ. ನನಗೆ ಏಟು ಬೀಳದಿರಲೆಂದು, ಒಂದೇ ಕೈ ಉಳಿದವನು, ಬರಿಗೈಲಿ ಇನ್ನೊಮ್ಮೆ ನುಗ್ಗಿದ್ದ. ಈ ಸಲ ಮಾತ್ರ ನನ್ನ ಕಣ್ಣು ಅವನ ಮೇಲೇ ಇತ್ತು.

"ಹೌದಾ?" ಅಂದೆ. "ನಾನು ಬೇರೇನೋ ಅಂದ್ಕೊಂಡಿದ್ದೆ ಕಣೋ."

"ನಂಬಿದ್ರಾ, ಕೋಚ್?"

"ನಂಬ್ದೆ," ಅಂದೆ. ಅವನು ಬಲಗೈ ಚಾಚಿ ನನ್ನ ಮೊಣಕಾಲು ತಟ್ಟಿದ, ಎರಡು ಸಲ.