ಅರ್ಧ ಗಟ್ಟಿ, ಅರ್ಧ ಪೊಳ್ಳು

ಮೂರನೆಯ ವರ್ಷವೂ ನನ್ನ ಗಾಂಜಾ ಗಿಡಗಳು ಹಾಗೇ ಹೂ ಬಿಟ್ಟವು. ಸಡಿಲವಾಗಿ, ಪೊಳ್ಳಾಗಿ, ನಡುನಡುವೆ ಎಲೆ ತುರುಕಿಕೊಂಡು. ಬೆರಳಲ್ಲಿ ಒತ್ತಿದರೆ ಹಳೆಯ ದಿಂಬಿನ ಹತ್ತಿಯಂತೆ ಕುಗ್ಗುತ್ತಿದ್ದವು. ಮಾರ್ಚ್ ಮೊದಲ ವಾರ ಕಳೆದಿತ್ತು; ಭೂಮಿಯ ದಕ್ಷಿಣಾರ್ಧದ ನಮ್ಮ ದೇಶದಲ್ಲಿ ಅದು ಬೇಸಿಗೆಯ ಕೊನೆ, ಚಳಿಗಾಲ ಬರುವುದು ಜೂನ್‌ನಲ್ಲಿ. ಆ ಹೊತ್ತಿಗೆ ಅವು ಒತ್ತಿದರೆ ಬೆರಳಿಗೇ ನೋವಾಗುವಷ್ಟು ಬಿಗಿಯಾಗಿರಬೇಕಿತ್ತು.

ನಮ್ಮ ಊರು ಡುರಾಸ್ನೊದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವಳು ನಾನು. ಒಂದು ಗಿಡ ಏಕೆ ಹೀಗಾಯಿತು ಎಂದು ಹೇಳಲಾಗದೆ ಅಂಗಳದಲ್ಲಿ ನಿಂತಾಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಗಿಡ ಬೆಳೆಸುತ್ತಿದ್ದದ್ದು ತಮ್ಮ ದಾರ್ದೊನಿಗಾಗಿ. ನಲವತ್ತು ವರ್ಷ ಬಗ್ಗಿ ನಿಂತು ಕುರಿಗಳ ಉಣ್ಣೆ ಕತ್ತರಿಸಿ ಅವನ ಬೆನ್ನುಮೂಳೆ ಸವೆದುಹೋಗಿದೆ. ಆಸ್ಪತ್ರೆಯ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಿ, ಒಂದು ಚಳಿಗಾಲ ರಕ್ತ ವಾಂತಿಯಾದ ಮೇಲೆ ಡಾಕ್ಟರೇ ಅವನ್ನು ಬೇಡವೆಂದರು. ಉಳಿದದ್ದು ಆಲಿವ್ ಎಣ್ಣೆಯಲ್ಲಿ ಒಣಗಿದ ಹೂ ಹಾಕಿ, ಸಣ್ಣ ಉರಿಯಲ್ಲಿ ನಾನು ಕಾಯಿಸುವ ಎಣ್ಣೆ. ಒಳ್ಳೆಯ ಹೂವಿನದಾದರೆ ಆರು ಹನಿ ಸಾಕು, ಬೆಳಗಿನವರೆಗೆ ಮಲಗುತ್ತಾನೆ. ನನ್ನ ಹೂವಿನದು ಒಂದು ಚಮಚ ಕುಡಿದರೂ ಮಂಚದ ಸರಳು ಹಿಡಿದುಕೊಂಡೇ ಇರುತ್ತಾನೆ. ನಾವಿಬ್ಬರೂ ಮನೆಯಲ್ಲೇ ಬೆಳೆಯುತ್ತೇವೆಂದು ಅಂಚೆ ಕಚೇರಿಯಲ್ಲಿ ಹೆಸರು ಬರೆಸಿರುವುದರಿಂದ ಕಾನೂನಿನಂತೆ ಔಷಧಿ ಅಂಗಡಿಯ ಗಾಂಜಾ ಕೊಳ್ಳುವಂತಿಲ್ಲ. ಮನೆಗೆ ಆರು ಗಿಡದ ಮಿತಿ. ಆ ಆರು ಚೆನ್ನಾಗಿ ಬಂದರೆ ಅವನ ಚಳಿಗಾಲ ಕಳೆದಂತೆ, ಇಲ್ಲದಿದ್ದರೆ ಇಲ್ಲ.

ಮಾಡದ ಉಪಾಯವಿಲ್ಲ. ಮೂಳೆಪುಡಿ, ಬೂದಿ, ಎರೆಗೊಬ್ಬರ ಹಾಕಿದೆ. ಕೆಳಗಿನ ಕೊಂಬೆಗಳನ್ನು ಸವರಿದೆ. ಗಾಳಿಯಾಡಲೆಂದು ಪ್ರತಿ ಕವಲನ್ನೂ ದಾರ ಕಟ್ಟಿ ಬಿಡಿಸಿಟ್ಟೆ. ಗೊಬ್ಬರದ ಅಂಗಡಿಯ ಯಾನಿನಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಹತ್ತಿರ ವಾರಕ್ಕೊಮ್ಮೆ ಹೋಗಿ ಗೋಳು ಹೇಳಿಕೊಳ್ಳುತ್ತಿದ್ದೆ.

"ನೀವು ನೀರು ಜಾಸ್ತಿ ಹಾಕ್ತೀರ ಮೇಡಂ."

"ಮಣ್ಣಿಗೆ ಬೆರಳಿಟ್ಟು ನೋಡಿಯೇ ಹಾಕೋದು ಕಣೆ."

"ಹಾಗಾದ್ರೆ ಕಮ್ಮಿ ಹಾಕ್ತೀರ."

"ಯಾನಿನಾ, ಪರೀಕ್ಷೇಲೂ ನೀನು ಹೀಗೇ ಬರೀತಿದ್ದೆ."

ಅವಳು ಗಟ್ಟಿಯಾಗಿ ನಕ್ಕು, ನಾನು ಕೇಳದ ಒಂದು ಪೊಟ್ಟಣ ಮೂಳೆಪುಡಿಯನ್ನು ನನ್ನ ಚೀಲಕ್ಕೆ ಸೇರಿಸಿದಳು.

ಅವತ್ತು ಅಂಗಡಿಯಿಂದ ಬಂದು ಐದನೆಯ ಗಿಡದ ಬುಡ ಕೆದಕುತ್ತಿದ್ದಾಗ ಕೈಗೆ ಏನೋ ಅಂಟಿತು. ಆ ಗಿಡ ಇರುವುದು ಅಂಗಳದಲ್ಲಿ ಮಾಂಸ ಸುಡುವ ಒಲೆಯ ಪಕ್ಕ, ಇಟ್ಟಿಗೆಯ ಹೊಗೆಗೂಡಿಗೆ ತಾಗಿದಂತೆ. ಹೊಗೆಗೂಡಿನ ಕಡೆಯ ಕೊಂಬೆಗಳಲ್ಲಿ ಹೂಗೊಂಚಲುಗಳು ಬಿಗಿಯಾಗಿ, ಭಾರವಾಗಿ, ಅಂಟು ಸುರಿಸುತ್ತ ನಿಂತಿದ್ದವು. ಈಚೆ ಕಡೆಯವು ಎಂದಿನಂತೆ ಪೊಳ್ಳು. ಒಂದೇ ಗಿಡ, ಒಂದೇ ಬೇರು, ಅದೇ ನೀರು. ಚಾಕುವಿನಲ್ಲಿ ಗೀರಿದ ಹಾಗೆ ನಡುವೆ ಒಂದು ಗೆರೆ. ಅದಕ್ಕಿಂತ ಹೆಚ್ಚು ತಲೆ ಕೆಡಿಸಿದ್ದೆಂದರೆ, ಗಟ್ಟಿಯಾಗಿದ್ದ ಕಡೆಗೇ ಬಿಸಿಲು ಕಡಿಮೆ ಬೀಳುತ್ತಿತ್ತು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾರಣ ಬರೆದು ನಾಲ್ಕನ್ನೂ ಹೊಡೆದುಹಾಕಿದೆ.

"ಪಾಪ, ಅದಕ್ಕೂ ನನ್ನ ಹಾಗೆ ಒಂದು ಕಡೆ ಬಿದ್ದುಹೋಗಿದೆ ಅಕ್ಕ," ಎಂದ ದಾರ್ದೊ.

ಸಂಜೆ ಇಬ್ಬರೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಒಂದೇ ಬುರುಡೆಯಿಂದ ಮಾಟೆ ಎಲೆಯ ಕಹಿ ಕಷಾಯ ಕುಡಿಯುತ್ತಿದ್ದೆವು. ಕತ್ತಲಾಗುತ್ತಿದ್ದಂತೆ, ದಿನದಂತೆ, ಪಕ್ಕದ ಮನೆಯ ಗೋಡೆಯ ಮೇಲೆ ರಾತ್ರಿಯಿಡೀ ಉರಿಯುವ ದೀಪ ಹೊತ್ತಿಕೊಂಡಿತು. ಹೊಗೆಗೂಡಿನ ನೆರಳು ಐದನೆಯ ಗಿಡದ ಮೇಲೆ ಬಿದ್ದು ಅದನ್ನು ಸರಿಯಾಗಿ ಎರಡು ಹೋಳು ಮಾಡಿತು.

ನಾನು ಮಾಟೆಯ ಬುರುಡೆಯನ್ನು ನೆಲದ ಮೇಲಿಟ್ಟೆ. ರಾತ್ರಿ ಉದ್ದವಾಗುತ್ತಾ ಬಂದಾಗ ಹೂ ಬಿಡುವ ಗಿಡ ಇದು. ಅದಕ್ಕೆ ಹೂ ಕಟ್ಟಲು ಕತ್ತಲೆ ಬೇಕು, ಪೂರ್ತಿ ಕತ್ತಲೆ. ಎಲ್ಲೋ ಓದಿದ್ದೆ, ಮರೆತಿರಲೂ ಇಲ್ಲ. ಆದರೆ ಮೂರು ವರ್ಷ ಮಣ್ಣನ್ನೇ ನೋಡಿದೆ, ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಆ ದೀಪ ಹಾಕಿಸಿದವರು ವಿಲ್ಮರ್, ನಿವೃತ್ತ ಎಲೆಕ್ಟ್ರಿಷಿಯನ್, ಹೆಂಡತಿ ತೀರಿಕೊಂಡು ಒಬ್ಬರೇ ಇರುವವರು. ಮೂರು ವರ್ಷದ ಹಿಂದೆ ಮುಸ್ಸಂಜೆಯಲ್ಲಿ ಬಟ್ಟೆ ತೆಗೆಯಲು ಹೋಗಿ ನಾನು ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದೆ. ಮರುದಿನವೇ ಅವರು ಏಣಿ ಹಾಕಿ, ತಮ್ಮದೇ ತಂತಿ ಎಳೆದು, ನಮ್ಮ ಅಂಗಳದ ಕಡೆಗೆ ದೀಪ ತಿರುಗಿಸಿದರು. ಅದು ನನ್ನ ಮಲಗುವ ಕೋಣೆಗೂ ಬೀಳುತ್ತದೆ. ಅಂದಿನಿಂದ ನಾನು ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಮಲಗುತ್ತೇನೆ. ಅವರಿಗೆ ಹೇಳಲಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಹೇಗೆ ಹೇಳುವುದು?

ಮರುದಿನ ಸೀಬೆಯಂಥ ಮೆಂಬ್ರಿಯೊ ಹಣ್ಣಿನ ಹಲ್ವ ಕಟ್ಟಿಕೊಂಡು ಹೇಳಿಯೇಬಿಡಬೇಕೆಂದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ನಿನ್ನೆ ಬಲ್ಬು ಒಂದ್ಸಲ ಮಿಟುಕಿಸ್ತು, ನೋಡಿದ್ರಾ ಟೀಚರ್? ಹೆದರ್ಕೋಬೇಡಿ, ಹೊಸದು ತಂದಿಟ್ಟಿದೀನಿ. ನಾನಿರೋವರೆಗೂ ನೀವು ಕತ್ತಲಲ್ಲಿ ಬೀಳೋ ಮಾತೇ ಇಲ್ಲ," ಎಂದರು.

ಮನೆಗೆ ಬಂದಾಗ ದಾರ್ದೊ ಕಾಯುತ್ತಿದ್ದ.

"ಹೇಳಿದ್ಯಾ?"

"ಹೇಳೋಕೇ ಹೋಗಿದ್ದು."

"ಏನಂದೆ?"

"ಥ್ಯಾಂಕ್ಸ್ ಅಂದೆ."

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಬೆನ್ನು ಹಿಡಿದುಕೊಂಡಿತು. "ಅಯ್ಯೋ, ನಗಿಸ್ಬೇಡ್ವೇ ಮಾರಾಯ್ತಿ. ನಾನೇ ಹೇಳ್ತೀನಿ ಬಿಡು."

"ಬೇಡ. ನೀನು ಬಾಯಿ ಹಾಕಿದ್ರೆ ಜಗಳ ಆಗುತ್ತೆ."

ಕಪ್ಪು ಬಟ್ಟೆ ತಂದೆ. ದಿನವೂ ದೀಪ ಹೊತ್ತುವ ಮುಂಚೆ ಕುರ್ಚಿ ಹತ್ತಿ ಆರು ಗಿಡಗಳಿಗೂ ಹೊದಿಸುವುದು, ಬೆಳಗ್ಗೆ ಎದ್ದ ಕೂಡಲೇ ತೆಗೆಯುವುದು. ಗಾಳಿ ಬಂದರೆ ಬಟ್ಟೆ ಹಾರುತ್ತಿತ್ತು. ಕಲ್ಲು ಕಟ್ಟಿದರೆ ಕೊಂಬೆ ಮುರಿಯುತ್ತಿತ್ತು. ಎರಡನೆಯ ಗಿಡದ ತುದಿಗೊಂಚಲು ಬಟ್ಟೆಯ ಜೊತೆಗೇ ಕಿತ್ತು ಬಂದಾಗ ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತೆ. ವಿಲ್ಮರ್ ಗೋಡೆಯಾಚೆಯಿಂದ ನೋಡಿದರೆಂದು ಕಾಣುತ್ತದೆ.

ಹತ್ತನೆಯ ದಿನ ಮುಸ್ಸಂಜೆಗೆ ಪೇಟೆಯಿಂದ ಬಂದಾಗ ಅಂಗಳದಲ್ಲಿ ಏಣಿಯಿತ್ತು. ವಿಲ್ಮರ್ ಕೆಳಗಿಳಿದು ಗುಂಡಿ ಒತ್ತಿದರು. ಗಿಡಗಳ ನೆತ್ತಿಯ ಮೇಲೆಯೇ ಇನ್ನೊಂದು ದೀಪ, ಹಳೆಯದರ ಎರಡರಷ್ಟು ಬೆಳಕು.

"ಆ ಮೂಲೇಲಿ ಬಟ್ಟೆ ಹೊದಿಸೋಕೆ ಪರದಾಡ್ತಿದ್ರಲ್ಲ ಟೀಚರ್. ಈಗ ನೋಡಿ, ಹಗಲಾದ ಹಾಗಿದೆ!"

ಅವರ ಹುಬ್ಬಿನ ಮೇಲೆಲ್ಲ ಗಾರೆಯ ಪುಡಿ. ಮುಖದಲ್ಲಿ ಹಬ್ಬದ ಕಳೆ.

"ಆರಿಸಿ ಅದನ್ನ!" ಎಂದು ಕಿರುಚಿದೆ. ಅಷ್ಟು ಜೋರಾಗಿ ತರಗತಿಯಲ್ಲೂ ಕಿರುಚಿದವಳಲ್ಲ. "ಎರಡನ್ನೂ ಆರಿಸಿ! ನಿಮ್ಮ ದೀಪಾನೇ ನನ್ನ ಗಿಡಗಳನ್ನ ಹಾಳು ಮಾಡ್ತಿರೋದು!"

ಒಳಗೆ ಮಲಗಿದ್ದ ದಾರ್ದೊ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ. ನಾನು ಕತ್ತಲೆ, ಹೂವು, ಹೊಗೆಗೂಡು ಎಂದು ಏನೇನೋ ತೊದಲಿದೆ. ವಿಲ್ಮರ್ ಸ್ಕ್ರೂಡ್ರೈವರ್ ಹಿಡಿದು ಪೂರ್ತಿ ಕೇಳಿಸಿಕೊಂಡರು.

"ಮೂರು ವರ್ಷದಿಂದಾನಾ?"

"ಹೂಂ."

"ನಿಮ್ಮ ರೂಮಿಗೂ ಬೀಳುತ್ತಾ?"

"ಬೀಳುತ್ತೆ."

"ಬಾಯಿ ಇರ್ಲಿಲ್ವಾ ಟೀಚರ್ ನಿಮಗೆ?" ಎಂದು ಎರಡೂ ದೀಪ ಆರಿಸಿದರು. ಆಮೇಲೆ ದಾರ್ದೊ ಕೊಟ್ಟ ಮಾಟೆ ಕುಡಿದು, ಏಣಿ ಹೊತ್ತುಕೊಂಡು ಹೋದರು.

ಕತ್ತಲೆ ಸಿಕ್ಕಿತು, ಆದರೆ ತಡವಾಗಿತ್ತು. ಮಾರ್ಚ್ ಕೊನೆಗೆ ಮಳೆ ಹಿಡಿದು, ಬಟ್ಟೆಯಡಿ ಸೆಕೆಗೆ ಸಿಕ್ಕಿದ್ದ ಗೊಂಚಲುಗಳಿಗೆ ಬೂದು ಬೂಷ್ಟು ಬಂತು. ಇನ್ನು ಕಾಯುವಂತಿರಲಿಲ್ಲ. ಏಪ್ರಿಲ್ ಮೊದಲ ಭಾನುವಾರ ಎಲ್ಲವನ್ನೂ ಕತ್ತರಿಸಿದೆ. ಆ ಮಧ್ಯಾಹ್ನ ವಿಲ್ಮರ್ ತಮ್ಮದೇ ಕತ್ತರಿ ತಂದು, ಕರೆಯದೆಯೇ ಅಡುಗೆಮನೆಯ ಮೇಜಿನ ಮುಂದೆ ಕೂತರು. ಮೂವರೂ ಹೂವಿನಿಂದ ಎಲೆ ಬಿಡಿಸತೊಡಗಿದೆವು. ಗಟ್ಟಿ ಹೂ ಒಂದು ಬಾಟಲಿಯೂ ತುಂಬಲಿಲ್ಲ. ಪೊಳ್ಳು ಮಾತ್ರ ಮೇಜಿನ ತುಂಬ.

"ಎಷ್ಟು ದಿನಕ್ಕೆ ಬರುತ್ತೆ?" ಎಂದ ದಾರ್ದೊ.

"ಜೂನ್ ಕೊನೆವರೆಗೆ."

"ಚಳಿ ಕಚ್ಚೋಕೆ ಶುರು ಮಾಡೋದೇ ಆಗ," ಎಂದ. ದೂರಿನ ದನಿಯೇನಲ್ಲ, ಸುಮ್ಮನೆ ಹೇಳಿದ.

ವಿಲ್ಮರ್ ಕತ್ತರಿ ಕೆಳಗಿಟ್ಟರು. "ಟೀಚರ್, ನಿಜ ಹೇಳಿ. ಮೊದಲ್ನೇ ದಿನವೇ ಕಣ್ಣಿಗೆ ಹೊಡೀತಿದೆ ಅಂತ ನೀವು ಹೇಳಿದ್ದಿದ್ರೆ?"

ಏನೂ ಆಗುತ್ತಿರಲಿಲ್ಲ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ದಾರ್ದೊ ಕುರ್ಚಿಯಲ್ಲಿ ನಿಧಾನವಾಗಿ ಮಗ್ಗುಲು ಬದಲಿಸಿದ.

"ಮೂರು ಚಳಿಗಾಲಾನೂ ಇವನು ಮಲಗ್ತಿದ್ದ," ಎಂದೆ.

ವಿಲ್ಮರ್ ಕತ್ತರಿ ಎತ್ತಿಕೊಂಡು, ತಮ್ಮ ದಪ್ಪ ಬೆರಳುಗಳಲ್ಲಿ, ಆ ಪೊಳ್ಳು ಹೂವುಗಳಿಂದಲೂ ಒಂದೊಂದೇ ಎಲೆ ತೆಗೆಯತೊಡಗಿದರು.