ಕುರಿ ಬೋರ್ಡಿನ ಹೋಟ್ಲು

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರ ಮುಂದೆ ಇನ್ನೂ ಏನೂ ಬಂದಿರಲಿಲ್ಲ. ಮೀನಿಗೆ ಹಿಟ್ಟು ಹಚ್ಚುತ್ತಾ ಚಿತ್ತಮ್ಮ ಅಡುಗೆಮನೆಯ ಕಿಂಡಿಯಿಂದ ಒಂದು ಸಲ ನೋಡಿದ್ದಳು, ಆಲೂಗಡ್ಡೆಯನ್ನು ಎಣ್ಣೆಗೆ ಬಿಡುತ್ತಾ ಇನ್ನೊಂದು ಸಲ ನೋಡಿದ್ದಳು. ಎರಡು ಸಲವೂ ಬೆನ್ನಷ್ಟೇ ಕಂಡಿತ್ತು. ಬಿಳಿ ಜುಬ್ಬಾ, ಹೆಗಲ ಮೇಲೆ ಮಡಿಸಿದ ಟವಲು. ಈಗ ಆ ಮನುಷ್ಯ ಬೀದಿಯ ಕಡೆಗೆ ಮುಖ ತಿರುಗಿಸಿದರು. ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಬೆಳ್ಳಗಿನ ಹುರಿಮೀಸೆ. ಚಿತ್ತಮ್ಮನ ಕೈಯ ಜಾಲರಿ ಬಾಣಲೆಯ ಅಂಚಿಗೆ ತಗುಲಿ ಸದ್ದಾಯಿತು.

"ಮೀನಾಕ್ಷಿ, ಬಾರೆ ಇಲ್ಲಿ. ಅಲ್ಲಿ ಕುಂತಿರೋರು ಹಿರಿಯೂರಿನ ಕೆಂಚಪ್ಪ ಗೌಡ್ರಲ್ವೇನೆ?"

ಸೊಸೆ ಮೀನಾಕ್ಷಿ ಬಟಾಣಿ ಬಿಡಿಸುತ್ತಿದ್ದವಳು ಎದ್ದು ಬಂದಳು. "ನಾನೆಲ್ಲಿ ನೋಡೀನತ್ತೆ ಅವರ್ನ? ನಿಮ್ಮ ಮಗ ಅವರ್ನೇ ಕರ್ಕಂಡ್ ಬರ್ತೀನಿ ಅಂತ ಕಾರು ತಗಂಡು ಹಿರಿಯೂರಿಗೆ ಹೋಗ್ಯಾರಲ್ಲ."

"ಕರ್ಕಂಬರಾಕೆ ಹೋದೋನು ಅಲ್ಲಿ ಅವ್ನೆ. ಬರೋರು ಇಲ್ಲಿ ಬಂದು ಕುಂತಾರೆ."

ಅತ್ತೆ ಸೊಸೆ ಇಬ್ಬರೂ ಒಂದು ಗಳಿಗೆ ಕಿಂಡಿಯಲ್ಲಿ ತಲೆ ತಲೆ ತಾಗಿಸಿ ನಿಂತರು. ಅವರಿಬ್ಬರಿಗೂ ಗೊತ್ತಿದ್ದ ವಿಷಯ ಇಷ್ಟೇ: ಈ ಕಟ್ಟಡ ಕೆಂಚಪ್ಪನವರದು. ಅವರ ತಂದೆಯ ಕಾಲದಲ್ಲಿ ಐಮಂಗಲದ ಹಳೇ ರಸ್ತೆಯಲ್ಲಿ ಕಟ್ಟಿಸಿದ ಕೊಬ್ಬರಿ ಗೋಡೌನು. ಕೆಂಚಪ್ಪನವರ ಮಗ ರಾಜಶೇಖರ್ ಅದನ್ನು "ಹೋಟ್ಲು ಮಾಡ್ತಾರಂತೆ" ಎಂದಷ್ಟೇ ಹೇಳಿ ಚಿತ್ತಮ್ಮನ ಮಗ ಬಾಲರಾಜುವಿಗೆ ಬಾಡಿಗೆಗೆ ಕೊಟ್ಟಿದ್ದ. ಒಳಗೆ ಬೀರು ಬ್ರಾಂದಿಯೂ ಉಂಟೆಂದು ಯಜಮಾನರಿಗೆ ತಡವಾಗಿ ಗೊತ್ತಾಯಿತು. ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. "ನಾನೇ ಹೋಗಿ ಕಣ್ಣಾರೆ ನೋಡ್ತೀನಿ. ನೋಡಿದ್ಮೇಲೆ ಕೊಡೋದಾ ಬಿಡೋದಾ ಹೇಳ್ತೀನಿ" ಎಂದಿದ್ದರಂತೆ. ಅವರು ಬಿಡಿಸು ಎಂದರೆ ಮುಗಿಯಿತು. ಬಾಲರಾಜು ಹೊರದೇಶದಲ್ಲಿ ದುಡಿದು ತಂದದ್ದೆಲ್ಲ ಈ ಗೋಡೆಗೆ ಹೊಡೆಸಿದ ಮರದ ಹಲಗೆಯಲ್ಲಿ, ಈ ಒಲೆಯಲ್ಲಿ ಇತ್ತು.

ಬಾಲರಾಜು ಹಡಗಿನ ಅಡುಗೆ ಕೆಲಸಕ್ಕೆಂದು ಹೋದವನು ಕೊನೆಗೆ ಇಂಗ್ಲೆಂಡಿನ ಒಂದು ಸಣ್ಣ ಊರಿನ ಪಬ್ಬಿನಲ್ಲಿ ಸೌಟು ಹಿಡಿದು ವರ್ಷಗಟ್ಟಲೆ ನಿಂತವನು. ಊರಿಗೆ ಬಂದ ಮೇಲೆ ಅಂಥದ್ದೇ ಒಂದು ಜಾಗ ಮಾಡಬೇಕೆಂಬ ಹುಚ್ಚು. ಅಲ್ಲಿಯ ಪಬ್ಬುಗಳಿಗೆಲ್ಲ ಚಿತ್ರದ ಬೋರ್ಡು ಇರುತ್ತದಂತೆ. ಕುರಿ ಕಾಯ್ದ ಮನೆತನವಲ್ಲವೇ ಎಂದು ಇವನೊಂದು ಕರಿ ಕುರಿಯ ಚಿತ್ರ ಬರೆಸಿ ತೂಗುಹಾಕಿದ. ಮೊದಲ ವಾರವೆಲ್ಲ ಚೀಲ ಹಿಡಿದುಕೊಂಡು ಬಂದವರು "ಕೆಜಿ ಹೆಂಗಪ್ಪ?" ಎಂದು ಕೇಳಿದರು. ಆಮೇಲಾಮೇಲೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸದವರು, ಹೈವೇ ಬಿಟ್ಟು ಒಳಗೆ ತಿರುಗುವ ಕಾರಿನವರು, ದುರ್ಗದ ಕಾಲೇಜು ಮೇಷ್ಟ್ರುಗಳು ಬರತೊಡಗಿದರು. ಮಾರಿಕಣಿವೆ ಜಲಾಶಯದ ಮೀನನ್ನು ದಪ್ಪ ಹಿಟ್ಟಿನಲ್ಲಿ ಕರಿದು, ಉದ್ದುದ್ದ ಹೆಚ್ಚಿದ ಆಲೂಗಡ್ಡೆ ಜೊತೆ ಕೊಟ್ಟರೆ ಜನ ಬೆರಳು ನೆಕ್ಕುತ್ತಿದ್ದರು. ಕೈಮಾದ ಮೇಲೆ ಬೇಯಿಸಿದ ಆಲೂಗಡ್ಡೆ ಬಳಿದು ಮುಚ್ಚುವ ಒಂದು ಅಡುಗೆಯನ್ನು ಮಗ ಕಲಿಸಿಕೊಟ್ಟಾಗ ಮಾತ್ರ ಚಿತ್ತಮ್ಮ, "ಇಂಗೆ ಬಚ್ಚಿಡಾಕೆ ಅದೇನು ಕದ್ದ ಕುರಿಯೇನೋ?" ಎಂದಿದ್ದಳು.

ಅಡುಗೆ ಅವಳದೇ. ಆದರೆ ಹಿಂದಿನ ಬಾಗಿಲಲ್ಲಿ ಬಂದು ಹಿಂದಿನ ಬಾಗಿಲಲ್ಲೇ ಹೋಗುತ್ತಿದ್ದಳು. ಗಿರಾಕಿಗಳು ಕೂರುವ ಹಾಲಿನೊಳಕ್ಕೆ ಒಂದು ಹೆಜ್ಜೆ ಇಟ್ಟವಳಲ್ಲ. "ಆ ದೇಶದಾಗೆ ಅಜ್ಜೀರು ಬಂದು ಕುಂತು ಊಟ ಮಾಡ್ತಾರವ್ವ" ಎಂದು ಬಾಲರಾಜು ಎಷ್ಟು ಹೇಳಿದರೂ ಒಂದೇ ಮಾತು: "ಅಲ್ಲಿ ಮಾಡ್ಲಿ." ಗೊಲ್ಲಪ್ಪನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಸಾರಾಯಿ ಅಂಗಡಿಯ ಮುಂದೆ ನಿಂತು ಗಂಡನನ್ನು ಕೂಗಿ ಕರೆದದ್ದುಂಟು. ಮಳೆಯಲ್ಲೂ ಹೊರಗೇ ನಿಂತಿದ್ದಳು, ಹೊಸಿಲು ದಾಟಿರಲಿಲ್ಲ. ಗೊಲ್ಲಪ್ಪ ತೀರಿಹೋಗಿಯೂ ಕಾಲವಾಯಿತು, ಅಂಗಡಿಯೂ ಇಲ್ಲ. ಕಾಲಿಗೆ ಮಾತ್ರ ಆ ಹೊಸಿಲು ಮರೆತಿರಲಿಲ್ಲ.

"ಲೇ ಕಲ್ಲೇಶಿ" ಎಂದು ಕಿಂಡಿಯಿಂದಲೇ ಕರೆದಳು. ಕೌಂಟರಿನಲ್ಲಿ ಗ್ಲಾಸು ಒರೆಸುತ್ತಿದ್ದ ಕಲ್ಲೇಶ್ ಹತ್ತಿರ ಬಂದ. ಕೆಲಸದಲ್ಲಿ ಕಟ್ಟುನಿಟ್ಟು, ಹೇಳಿದ್ದಕ್ಕಿಂತ ಒಂದು ಗೆರೆ ಆಚೆ ಹೋಗುವವನಲ್ಲ. "ಕಿಟಕಿ ತಾವ ಕುಂತೋರಿಗೆ ನೀರು ಕೊಟ್ಟೇನಪ್ಪ?"

"ಅವ್ರು ಕೇಳ್ಲೇ ಇಲ್ಲ ಕಣಮ್ಮ. ಕೌಂಟ್ರಿಗೆ ಬರ್ಲಿಲ್ಲ. ಬಸ್ಸು ಕಾಯ್ತಿರಬೇಕು ಅಂತ ಸುಮ್ನಾದೆ."

"ಬಸ್ಸು ಕಾಯೋರು ಹೊರಗೆ ನಿಂತ್ಕಂತಾರೆ, ಬೆನ್ನು ನೆಟ್ಟಗೆ ಮಾಡ್ಕಂಡು ಒಳಗೆ ಕುಂತ್ಕಂತಾರಾ? ಎಷ್ಟೊತ್ತಾತು ಬಂದು?"

"ಆಗ್ಲೇ ಬಂದ್ರು. ನಾನೇನು ಮಾಡ್ಲಮ್ಮ? ಟೇಬಲ್ ತಾವ ಹೋಗಿ ಗಿರಾಕಿ ತಲೆ ಮೇಲೆ ನಿಂತ್ಕಬೇಡ, ಬೇಕಾದೋರೇ ಕೌಂಟ್ರಿಗೆ ಬಂದು ಕೇಳ್ತಾರೆ, ಪಬ್ಬು ಅಂದ್ರೆ ಹಂಗೇ ಅಂತ ಬಾಲರಾಜಣ್ಣನೇ ಹೇಳ್ಯಾನೆ." ಕಲ್ಲೇಶ್ ತಿರುಗಿ ನೋಡಿದ. "ಈಗ ಕೊಡ್ಲಾ?" ಎನ್ನುತ್ತಾ ಬೀರಿನ ಉದ್ದ ಗ್ಲಾಸಿಗೆ ಕೈ ಹಾಕಿದ.

"ಆ ಗ್ಲಾಸಿನಾಗೆ ಅವರು ಕುಡೀತಾರೇನೋ, ಅಯ್ಯೋ ನಿನ್ನ."

ಅಷ್ಟರಲ್ಲಿ ಕೆಂಚಪ್ಪನವರು ಕುರ್ಚಿ ಹಿಂದಕ್ಕೆ ಸರಿಸಿದರು. ಜಾರಿದ ಟವಲನ್ನು ಹೆಗಲಿಗೆ ಸರಿಮಾಡಿಕೊಂಡರು. ಯಾರ ಮೇಲೂ ರೇಗಲಿಲ್ಲ, ಯಾರನ್ನೂ ಕರೆಯಲಿಲ್ಲ. ನೋಡುವುದನ್ನು ನೋಡಿಯಾಯಿತು ಎನ್ನುವಂತೆ ಬಾಗಿಲ ಕಡೆ ತಿರುಗಿದರು.

ಹಿಂಬಾಗಿಲ ಬಳಿ ಒಂದು ಗೊನೆ ಎಳನೀರು ಬಿದ್ದಿತ್ತು. ಹಿಂದಿನ ರಾತ್ರಿ ಹೆಚ್ಚು ಕುಡಿದು ಬೆಳಿಗ್ಗೆ ತಲೆ ಹಿಡಿದುಕೊಂಡು ಬರುವವರಿಗೆಂದು ಮೀನಾಕ್ಷಿ ಇಡುತ್ತಿದ್ದದ್ದು. ಚಿತ್ತಮ್ಮ ಒಂದು ಕಾಯಿ ಕಿತ್ತುಕೊಂಡಳು, ಮಚ್ಚು ತೆಗೆದುಕೊಂಡಳು. ಒಳಬಾಗಿಲ ಹತ್ತಿರ ಕಾಲು ಒಂದು ಕ್ಷಣ ನಿಂತಿತು. ಆಮೇಲೆ ಹಾಲಿನೊಳಕ್ಕೆ ನಡೆದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಮಚ್ಚು ಹಿಡಿದು ಬರುವ ಹೆಂಗಸನ್ನು ಕಂಡು ಗಾಳಿಯಂತ್ರದ ಹುಡುಗರ ಮಾತು ಅರ್ಧಕ್ಕೇ ನಿಂತಿತು. ಅವರಲ್ಲೊಬ್ಬ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟ.

"ಏನ್ ಗೌಡ್ರೆ, ನೀರು ಕುಡೀದಂಗೆ ಎದ್ದೋಗಾದಾ? ಕುಂತ್ಕಳ್ರಿ."

ಕೆಂಚಪ್ಪನವರು ಹುಬ್ಬಿನ ಮೇಲೆ ಕೈಯಿಟ್ಟು ನೋಡಿದರು. "ಗೊಲ್ಲಪ್ಪನ ಮನೇಳಲ್ಲವೇನಮ್ಮ ನೀನು? ಚಿತ್ತಮ್ಮ. ಇಲ್ಲೇನು ಮಾಡ್ತೀಯ?"

"ಅಡುಗೆ ಮಾಡ್ತೀನ್ರಿ. ಬಾಲರಾಜು ನನ್ನ ಮಗನೇ."

"ನಮ್ಮ ರಾಜಶೇಖರ ಇಂಗ್ಲೆಂಡಿನೋನು ಅಂದ. ಗೊಲ್ಲಪ್ಪನ ಮಗ ಅನ್ನಲಿಲ್ಲ."

"ಗೊಲ್ಲಪ್ಪನ ಮಗ ಅಂದ್ರೆ ನೀವು ಆಗ್ಲೇ ಬಾಡಿಗೆ ಕೊಡ್ತಿರ್ಲಿಲ್ಲ ಬಿಡ್ರಿ" ಎಂದಳು ಚಿತ್ತಮ್ಮ. ಅವರ ಮೀಸೆ ಸ್ವಲ್ಪ ಅಲುಗಿತು.

ಅವರ ಕಣ್ಣೆದುರೇ ಕಾಯಿಯ ತಲೆ ಕೊಚ್ಚಿ ಮುಂದಿಟ್ಟಳು. ಮೀನು ಕರಿಯುವ ಅಡುಗೆಮನೆಯ ನೀರನ್ನೂ ಅವರು ಮುಟ್ಟುವವರಲ್ಲವೆಂದು ಅವಳಿಗೆ ಗೊತ್ತಿತ್ತು. ಒಡೆಯದ ಕಾಯಿಗೆ ಯಾರ ಮನೆಯ ಮೈಲಿಗೆಯೂ ಅಂಟುವುದಿಲ್ಲ. ಕೆಂಚಪ್ಪನವರು ಮತ್ತೆ ಕುಳಿತರು. ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದರು. ಎಷ್ಟು ಬಾಯಾರಿಕೆಯಾಗಿತ್ತೆಂದು ಕುಡಿಯುವುದರಲ್ಲೇ ತಿಳಿಯುತ್ತಿತ್ತು.

"ಬಲ್ತೈತೆ ಸ್ವಲ್ಪ" ಎಂದರು ಬಾಯಿ ಒರೆಸಿಕೊಂಡು. ತೆಂಗಿನ ತೋಟದವರು ಇನ್ನೇನು ಹೇಳಿಯಾರು.

"ನಿಮ್ಮನ್ನ ಕರ್ಕಂಬರಾಕೆ ಮಗ ಕಾರು ತಗಂಡು ಹೋಗ್ಯಾನೆ."

"ನಮ್ಮೋನೂ ಕಾರು ತರ್ತೀನಿ ಅಂದ. ಕಾರಲ್ಲಿ ಬಂದ್ರೆ ನೀವೆಲ್ಲ ಸಾಲಾಗಿ ನಿಂತಿರ್ತೀರಿ, ಇದ್ದದ್ದು ಇದ್ದಂಗೆ ಕಾಣಲ್ಲ. ದುರ್ಗದ ಬಸ್ಸಿನ ಕಿಟಕಿಯಾಗೆ ಈ ಟವಲ್ ಹಾಕಿ ಸೀಟು ಹಿಡ್ಕಂಡು ಬಂದೀನಿ." ಅದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಮರುಕ್ಷಣ ಅದು ಆರಿಹೋಯಿತು. "ಕುಡಿಯೋದು ಇವತ್ತಿಂದಲ್ಲ ಬಿಡು, ಕುಡಿಯೋರು ಕುಡೀತಾರೆ. ಅದಕ್ಕಲ್ಲ ನನಗೆ ಬೇಜಾರು. ಬಂದು ಕುಂತೋನ್ನ ಬರ್ರಿ ಅಂದೋರಿಲ್ಲ, ಯಾಕೆ ಬಂದ್ರಿ ಅಂದೋರೂ ಇಲ್ಲ. ನಮ್ಮಪ್ಪ ಕಟ್ಟಿಸಿದ ಗೋಡೌನು. ಕೊಬ್ಬರಿ ತುಂಬೋ ಹಮಾಲರಿಗೂ ಇಲ್ಲಿ ಮೊದಲು ಮಜ್ಜಿಗೆ, ಆಮೇಲೆ ಮಾತು. ನೀನು ಮಂದೆ ಜೊತೆ ನಮ್ಮ ತೋಟಕ್ಕೆ ಬರ್ತಿದ್ದೆಯಲ್ಲ, ನೀನೇ ಹೇಳು."

ಚಿತ್ತಮ್ಮನಿಗೆ ಆ ದಿನಗಳು ನೆನಪಿದ್ದವು. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಕೆಂಚಪ್ಪನವರ ತೋಟದಲ್ಲಿ ಕುರಿಮಂದೆ ನಿಲ್ಲಿಸಿದಷ್ಟು ದಿನವೂ ಹೊತ್ತಿಗೆ ಸರಿಯಾಗಿ ಮುದ್ದೆ ಸಾರು ಬರುತ್ತಿತ್ತು. ಅವರ ಹೆಂಡತಿ ದಾಕ್ಷಾಯಣಮ್ಮ ತಾವೇ ತಲೆ ಮೇಲೆ ಬುಟ್ಟಿ ಹೊತ್ತು ತರುತ್ತಿದ್ದರು. "ಒಂದಿನಾನೂ ಬಾಯಿಬಿಟ್ಟು ಕೇಳಿಲ್ರಿ ನಾವು" ಎಂದಳು.

"ಹಸಿದೋರು ಕೇಳ್ಲಿ ಅಂತ ಯಾರಾದ್ರೂ ಕಾಯ್ತಾರಾ? ಇಲ್ಲಿ ನಾನೇ ಎದ್ದು ಹೋಗಿ ಕೈಯೊಡ್ಡಬೇಕಂತೆ. ಇಂಥ ಹೋಟ್ಲು ನನ್ನ ಕಟ್ಟಡದಾಗೆ ಬೇಡಮ್ಮ." ಅವರು ಗೋಡೆ ನೋಡಿದರು. "ಅದೇನು, ನಿಂತ್ಕಂಡೇ ಮಾತಾಡ್ತೀಯ? ಕುಂತ್ಕ."

"ಇರ್ಲಿ ಬಿಡ್ರಿ."

"ನೀ ನಿಂತ್ರೆ ನಾನೂ ಎದ್ದು ನಿಂತ್ಕಬೇಕಾಗತೈತೆ."

ಚಿತ್ತಮ್ಮ ಎದುರಿನ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಏಳಬಹುದು ಎನ್ನುವಷ್ಟೇ ಕುಳಿತಳು. ಮಚ್ಚನ್ನು ಮೇಜಿನ ಮೇಲಿಡಲೋ ಕೆಳಗಿಡಲೋ ಎಂದು ತಿಳಿಯದೆ ಕುರ್ಚಿಯ ಕೆಳಗೆ ಸರಿಸಿದಳು. ಮಗನ ಪರವಾಗಿ ಏನಾದರೂ ಹೇಳಲೇಬೇಕಿತ್ತು. ಹೇಳಿದರೆ ಈಗಲೇ.

"ನಾನೂ ಅವನ್ನ ಬೈದಿದ್ದೆ ಗೌಡ್ರೆ. ಬಂದೋರನ್ನ ಮಾತಾಡಿಸ್ದಂಗೆ ಇದೇನೋ ಹೋಟ್ಲು ಅಂತ. ಅವನು ಒಂದು ಕತೆ ಹೇಳಿದ. ಆ ದೇಶಕ್ಕೆ ಹೋದ ಹೊಸದ್ರಾಗೆ ಚಳೀಲಿ ಒಂದು ಪಬ್ಬಿನ ಬಾಗಿಲಾಗೆ ನಿಂತಿದ್ನಂತೆ, ಯಾರಾದ್ರೂ ಬಾ ಅಂತಾರೇನೋ ಅಂತ. ಯಾರೂ ಅನ್ನಲಿಲ್ಲ. ಹಂಗೇ ಒಳಗೆ ಹೋಗಿ ಮೂಲೆಯಾಗೆ ಕುಂತ್ನಂತೆ. ಪಕ್ಕದಾಗೆ ಒಬ್ಬ ಮುದುಕ ಇದ್ದ. ಎದ್ದ, ಕೌಂಟ್ರಿಗೆ ಹೋದ, ತನಗೊಂದು ಇವನಿಗೊಂದು ತಂದಿಟ್ಟ. ನೀನ್ಯಾರು ಅನ್ನಲಿಲ್ಲ, ಯಾವ ಜನ ಅಂತ ಕೇಳ್ಲಿಲ್ಲ. ಅಲ್ಲಿ ಎದ್ದು ಹೋದೋನು ತನ್ನೊಬ್ಬನಿಗೇ ತರಂಗಿಲ್ಲಂತ್ರಿ. ಜೊತೆಗೆ ಕುಂತೋರಿಗೆಲ್ಲ ತರಬೇಕು. ಆಮೇಲೆ ಇನ್ನೊಬ್ಬನ ಪಾಳಿ. ಅಲ್ಲಿ ಬಾ ಅನ್ನೋದು ಅಂದ್ರೆ ಅದೇ ಅಂತೆ. ಅಲ್ನೋಡ್ರಿ."

ಗಾಳಿಯಂತ್ರದ ಹುಡುಗರಲ್ಲೊಬ್ಬ ಕೌಂಟರಿನಿಂದ ನಾಲ್ಕು ಗ್ಲಾಸನ್ನು ಎರಡೇ ಕೈಯಲ್ಲಿ ಹಿಡಿದು ಸರ್ಕಸ್ ಮಾಡುತ್ತಾ ಬರುತ್ತಿದ್ದ. "ಚೆಲ್ಲಿದ್ರೆ ಇನ್ನೊಂದು ಸಲ ನೀನೇ ಹೋಗಬೇಕು ಮಗನೆ" ಎಂದು ಗೆಳೆಯರು ಛೇಡಿಸಿದರು. ಅದರಾಚೆ ಒಬ್ಬ ಹೆಂಗಸು ಮಗುವಿಗೆ ಮೀನಿನ ಮುಳ್ಳು ತೆಗೆದು ತಿನ್ನಿಸುತ್ತಿದ್ದಳು. ಅವಳ ಅತ್ತೆಯಿರಬೇಕು, ಮುದುಕಿಯೊಬ್ಬಳು ಆಲೂಗಡ್ಡೆಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಕೆಂಚಪ್ಪನವರು ಬಹಳ ಹೊತ್ತು ಅತ್ತ ನೋಡಿದರು. ಖಾಲಿ ಕಾಯಿಯನ್ನು ಮೇಜಿನ ಮೇಲೆ ಒಮ್ಮೆ ತಿರುಗಿಸಿದರು. ಆಮೇಲೆ ಎದ್ದರು.

ಹೊರಟೇಬಿಟ್ಟರು ಎಂದುಕೊಂಡಳು ಚಿತ್ತಮ್ಮ. ಕತೆ ಹೇಳಿ ಕೆಡಿಸಿದೆನೇನೋ, ಯಾವ ಜನ ಎಂಬ ಮಾತು ಅವರೆದುರು ಆಡಬಾರದಿತ್ತೇನೋ. ತಲೆ ತಗ್ಗಿಸಿ ಎದುರಿನ ಕುರ್ಚಿಯನ್ನೇ ನೋಡುತ್ತಾ ಕುಳಿತಳು. ಕುರ್ಚಿಯ ಮೇಲೆ ಟವಲಿತ್ತು. ಜಾರಿ ಬಿದ್ದದ್ದಲ್ಲ. ನಾಲ್ಕು ಮಡಿಕೆಯಾಗಿ, ಅಂಗೈಯಿಂದ ತಟ್ಟಿ ಇಟ್ಟಂತಿತ್ತು.

ಅವಳು ತಲೆಯೆತ್ತಿದಳು. ಕೆಂಚಪ್ಪನವರು ಕೌಂಟರಿನ ಮುಂದೆ, ಗಾಳಿಯಂತ್ರದ ಇನ್ನೊಬ್ಬ ಹುಡುಗನ ಹಿಂದೆ, ತಮ್ಮ ಪಾಳಿಗಾಗಿ ನಿಂತಿದ್ದರು.

"ಏನ್ ಕೊಡ್ಲಿ ಯಜಮಾನ್ರೆ?" ಎಂದ ಕಲ್ಲೇಶ್.

"ಆ ಹೆಣ್ಣುಮಗಳಿಗೊಂದು ಎಳನೀರು. ನನಗೂ ಇನ್ನೊಂದು."

"ಎಳನೀರು ಕೌಂಟ್ರಾಗಿಲ್ರಿ, ಹಿಂದೆ…"

"ಹಿಂದಿಂದ ತರ್ಸಪ್ಪ, ಕಾಯ್ತೀನಿ. ಇದೆಲ್ಲಿ ಕಾಯಿ ತಗಂತೀರಿ ನೀವು? ಬಲ್ತೋಗೈತೆ. ಬರೋ ಭಾನುವಾರದಿಂದ ನಮ್ಮ ತೋಟದ್ದು ಕಳಿಸ್ತೀನಿ ಅಂತ ನಿಮ್ಮ ಬಾಲರಾಜುಗೆ ಹೇಳು."

ಮೀನಾಕ್ಷಿ ಕಿಂಡಿಯಿಂದ ಮುಖ ತೆಗೆದು ಹಿಂಬಾಗಿಲಿಗೆ ಓಡಿದ ಸದ್ದು ಹಾಲಿನವರೆಗೂ ಕೇಳಿಸಿತು.

ಬಾಲರಾಜು ಕಾರಿನ ಕೀ ಕೈಯಲ್ಲೇ ಹಿಡಿದು ಬೆವರುತ್ತಾ ಮುಂಬಾಗಿಲಲ್ಲಿ ಬಂದ. ನೇರ ಅಡುಗೆಮನೆಗೆ ಹೊರಟವನು ಕಿಟಕಿಯ ಬಳಿ ತಾಯಿ ಕುಳಿತಿದ್ದನ್ನು ಕಂಡು ನಿಂತುಬಿಟ್ಟ. ಒಂದು ಗಳಿಗೆ ಬಂದ ಕೆಲಸವೇ ಮರೆತವನಂತೆ ಅವಳನ್ನೇ ನೋಡಿದ.

"ಅವ್ವಾ, ಗೌಡ್ರು ಮನೇಲಿಲ್ಲ. ಬಸ್ ಸ್ಟ್ಯಾಂಡಿನಾಗೂ ನೋಡ್ದೆ. ದಾಕ್ಷಾಯಣಮ್ಮನೋರು, ಆಗ್ಲೇ ಹೋದ್ರಲ್ಲಪ್ಪ ಅಂತಾರೆ" ಎನ್ನುತ್ತಾ ಸುಸ್ತಾಗಿ ಎದುರಿನ ಕುರ್ಚಿಗೆ ಕೈ ಹಾಕಿದ.

"ಅಲ್ಲಿ ಕುಂತ್ಕಬೇಡ" ಎಂದಳು ಚಿತ್ತಮ್ಮ. "ಸೀಟು ಹಿಡಿದಾರೆ."

ಬಾಲರಾಜು ಟವಲನ್ನು ನೋಡಿದ. ಆಮೇಲೆ ತಾಯಿ ನೋಡುತ್ತಿದ್ದ ಕಡೆ ತಿರುಗಿದ. ಕೆಂಚಪ್ಪನವರು ಒಂದೊಂದು ಕೈಯಲ್ಲಿ ಒಂದೊಂದು ಕಾಯಿ ಹಿಡಿದು, ನೀರು ತುಳುಕೀತೆಂದು ಅದರ ಮೇಲೇ ಕಣ್ಣಿಟ್ಟು, ಮೇಜುಗಳ ನಡುವೆ ನಿಧಾನವಾಗಿ ಹೆಜ್ಜೆಯಿಡುತ್ತಾ ಬರುತ್ತಿದ್ದರು.